ವಾರಗಿತ್ತಿಯ ಸೂಜಿಗಲ್ಲು

ಬರೆದುಕೋ ಪುಟ್ಟಿ, ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನನ್ನ ವಾರಗಿತ್ತಿ, ನಿನ್ನ ಚಿಕ್ಕಜ್ಜಿ. ಅವಳ ಕಥೆ ಅಂತ ಕೂತು ನನ್ನ ಬೆನ್ನಿನ ಕಥೆ ಹೇಳುತ್ತೀಯ ಅನ್ನಬೇಡ; ಎರಡನ್ನೂ ಒಂದೇ ದಾರದಲ್ಲಿ ಹೊಲಿದಿದೆ.

ಈ ಮನೆಗೆ ಬಂದ ದಿನದಿಂದ ಅವಳಿಗೆ ನಾನು ಮಾಡಿದ್ದೆಲ್ಲ ಬೇಕು. ನಾನು ಹೊಲಿಗೆ ಕಲಿತೆ, ಅವಳೂ ಕಲಿತಳು. ನಾನು ಕನ್ನಡಕ ಹಾಕಿದೆ, ಅವಳೂ ಹಾಕಿದಳು. ಮುಂದಿನ ಕೋಣೆಯಲ್ಲಿ ಎರಡು ಮಷೀನು: ಕಿಟಕಿ ಪಕ್ಕದ್ದು ಹಿರಿಸೊಸೆಯಾದ ನನ್ನದು, ಗೋಡೆ ಪಕ್ಕದ್ದು ಅವಳದು. ನಲವತ್ತು ವರ್ಷ ಬಗ್ಗಿ ಬಗ್ಗಿ ನನ್ನ ಬೆನ್ನಿಗೆ ಆಪರೇಷನ್ ಆಯಿತು. ಎರಡೇ ತಿಂಗಳಿಗೆ ತಾನೂ ಮಾಡಿಸಿಕೊಂಡಳು! ನನ್ನ ಸೀರೆ ನೋಡಿ ಅಂಥದ್ದೇ ತಂದ ಹಾಗೆ.

ವ್ಯಾಯಾಮ ಮಾಡಿಸೋಕೆ ಬರುತ್ತಿದ್ದ ಫಿಸಿಯೋ ಹುಡುಗಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ, ಮಂಡಿ ಕೆಳಗೆ ದಿಂಬು ಇಟ್ಟಳು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಮುಷ್ಟಿ ಬಿಗಿ ಮಾಡಿ, ಬಿಡಬೇಕು. ಭುಜ ಬಿಗಿ ಮಾಡಿ, ಬಿಡಬೇಕು.

"ಗಾಯ ಮಾಗಿದೆ ಅಜ್ಜಿ, ಭಯ ಮಾಗಿಲ್ಲ. ಭಯಕ್ಕೆ ಮೈ ಬಿಗಿಯುತ್ತೆ, ಬಿಗಿದಷ್ಟೂ ನೋವು" ಅಂದಳು.

ಪಕ್ಕದಲ್ಲಿ ನಮ್ಮವಳು ಎಂಟರವರೆಗೆ ಉಸಿರು ಬಿಟ್ಟಳು. ನಾನು ಹತ್ತಕ್ಕೆ ಎಳೆದೆ. ಕಣ್ಣು ಕತ್ತಲೆ ಬಂತು.

"ಅಜ್ಜೀ, ಇದೇನು ಓಟದ ಪಂದ್ಯಾನಾ? ಅವರನ್ನ ಬಿಟ್ಟುಬಿಡಿ."

"ಅವಳನ್ನ ಬಿಡೋಕಾಗಿದ್ರೆ ಭುಜಾನೂ ಬಿಡ್ತಿದ್ದೆ ಕಣಮ್ಮ!"

ವ್ಯಾಯಾಮ ಶುರುವಾಗಿ ಒಂದು ತಿಂಗಳಿಗೆ ಅವಳು ಮಷೀನಿಗೆ ಕೂತಳು. ಯಾವುದಕ್ಕೆ? ಕಿಟಕಿ ಪಕ್ಕದ್ದಕ್ಕೆ!

"ಬೆಳಕು ಚೆನ್ನಾಗಿದೆ ಅಕ್ಕಾ. ನೀನು ಬಂದ ದಿನ ಎದ್ದುಬಿಡ್ತೀನಿ."

ಹೊಟ್ಟೆಗೆ ಬೆಂಕಿ ಬಿತ್ತು ನನಗೆ. ಆದರೆ ಹೋಗುವುದು ಹೇಗೆ? ಹೊಲಿಯುವವರ ಕಾಲಡಿ ದಿನವಿಡೀ ಗುಂಡುಸೂಜಿ ಬೀಳುತ್ತವೆ, ಬಗ್ಗಿ ಎತ್ತಲೇಬೇಕು. ನನಗೋ ಕೈ ಮಂಡಿವರೆಗೆ ಹೋದರೆ ಬೆನ್ನಿನ ಹೊಲಿಗೆ ಬಿಚ್ಚಿಹೋದೀತೆಂಬ ಭಯ. ಅವಳ ನೆಲ ನೋಡಿದರೆ ಒಂದು ಸೂಜಿಯೂ ಇಲ್ಲ! ಹಾಗಾದರೆ ಸಲೀಸಾಗಿ ಬಗ್ಗುತ್ತಿದ್ದಾಳೆ.

ಒಂದು ಮಧ್ಯಾಹ್ನ ಪರದೆ ಸರಿಸಿ ಇಣುಕಿದೆ. ಏನು ಮಾಡುತ್ತಿದ್ದಳು ಗೊತ್ತೇನೇ? ದಾರಕ್ಕೆ ಸೂಜಿಗಲ್ಲು ಕಟ್ಟಿ, ಮೀನು ಹಿಡಿಯುವವರ ಹಾಗೆ ನೆಲಕ್ಕೆ ಇಳಿಬಿಟ್ಟು, ಕೂತಲ್ಲೇ ಸೂಜಿಗಳನ್ನು ಎತ್ತುತ್ತಿದ್ದಳು!

"ಕಳ್ಳೀ!"

ಬೆಚ್ಚಿಬಿದ್ದಳು. ಆಮೇಲೆ ಮೆತ್ತಗೆ, "ಬಗ್ಗೋಕೆ ಭಯ ಅಕ್ಕಾ. ನೀನು ಹತ್ತು ಎಣಿಸ್ತಿದ್ದೆ. ನೀನೇ ಮೊದಲು ಬಗ್ತೀಯ ಅಂತ ನಿದ್ದೆ ಇರಲಿಲ್ಲ ನಂಗೆ" ಅಂದಳು.

ನನ್ನನ್ನು ನೋಡಿ ಅವಳ ಹೊಟ್ಟೆಯೂ ಉರಿಯುತ್ತಿತ್ತಲ್ಲ! ಎಷ್ಟು ತಂಪಾಯಿತು ನನಗೆ. ನಕ್ಕೂ ನಕ್ಕೂ ಸಾಕಾಗಿ ಒಂದು ಉದ್ದನೆಯ ಉಸಿರು ಹೊರಟಿತು. ಎಣಿಸದೇ ಬಿಟ್ಟ ಮೊದಲನೆಯ ಉಸಿರು ಅದು. ಭುಜ ತಾನಾಗೇ ಇಳಿಯಿತು. ಹುಡುಗಿ ಹೇಳಿಕೊಟ್ಟ ಹಾಗೆ ಮೇಜು ಹಿಡಿದು, ಮಂಡಿ ಮಡಿಸಿ, ಮೆಲ್ಲಗೆ ಇಳಿದು ಒಂದು ಸೂಜಿ ಎತ್ತಿದೆ. ಏನೂ ಬಿಚ್ಚಿಹೋಗಲಿಲ್ಲ. ಅವಳ ಮುಖ ನೋಡಬೇಕಿತ್ತು! ಮರುಕ್ಷಣವೇ ಎದ್ದು ತಾನೂ ಒಂದು ಎತ್ತಿದಳು, ಬಿಡುತ್ತಾಳೆಯೇ?

ಈಗ ಕಿಟಕಿ ಬೆಳಗ್ಗೆ ನನಗೆ, ಮಧ್ಯಾಹ್ನ ಅವಳಿಗೆ. ಬಗ್ಗಿ ಕೈಯಲ್ಲಿ ಎತ್ತಿದ ಸೂಜಿ ಅವರವರ ಡಬ್ಬಿಗೆ. ಪೆನ್ನು ಕೆಳಗಿಡು ಪುಟ್ಟಿ, ಆ ಕೋಣೆಗೆ ಹೋಗಿ ಅವಳ ಡಬ್ಬಿಯಲ್ಲಿ ಇವತ್ತು ಎಷ್ಟಿವೆ ಎಣಿಸಿಕೊಂಡು ಬಾ. ನಾನು ಕಳಿಸಿದೆ ಅಂತ ಬಾಯಿ ಬಿಡಬೇಡ.