ಡ್ರೈವಿನಲ್ಲಿದ್ದ ಹೆಣ್ಣುದನಿ

ಕಳೆದ ವಾರ ದಾದರ್‌ನ ನನ್ನ ಅಂಗಡಿಗೆ ಅತ್ತಿಗೆ ಒಂದು ಲ್ಯಾಪ್‌ಟಾಪ್ ತಂದಿಟ್ಟರು. ವರ್ಷಗಟ್ಟಲೆ ಚೀಲದಲ್ಲೇ ಕಟ್ಟಿಟ್ಟದ್ದು. ಮುಚ್ಚಳ ತೆರೆದದ್ದೇ ತಡ, ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಬಂತು. ಹಳೆ ಲ್ಯಾಪ್‌ಟಾಪ್ ಕೊಂಡು ಮಾರುವವನು ನಾನು. ಬೀಡಿ, ಅಗರಬತ್ತಿ, ಮಸಾಲೆ, ಎಲ್ಲ ವಾಸನೆಯೂ ಅಭ್ಯಾಸ. ಇದಕ್ಕೆ ಮಾತ್ರ ಕೈ ಹಿಂದೆ ಸರಿಯಿತು...

ಅತ್ತಿಗೆ ಎಂದರೆ ನಮ್ಮ ಸಪ್ಲಾಯರ್ ಅಣ್ಣನ ಹೆಂಡತಿ. ರಕ್ತಸಂಬಂಧವಲ್ಲ. ಸಯನ್‌ನ ಉಡುಪಿ ಹೋಟೆಲಿನಲ್ಲಿ ನಾನು ಕಪ್ಪು-ಬಸಿ ತೊಳೆಯುತ್ತಿದ್ದಾಗ ಅಣ್ಣ ಅಲ್ಲಿ ಮೇಜಿಗೆ ತಿಂಡಿ ತಂದುಕೊಡುವ ಸಪ್ಲಾಯರ್. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಆರ್ಡರ್ ಕೂಗಿದರೆ ಒಳಗಿನ ಭಟ್ಟರು ಎರಡನೇ ಸಲ ಕೇಳುವ ಪ್ರಮೇಯವೇ ಇರಲಿಲ್ಲ. ಮಾಲು ಮಾರುವವನ ದನಿ ಹೇಗಿರಬೇಕೆಂದು ನಾನು ಕಲಿತದ್ದು ಅಲ್ಲಿ.

ಆಮೇಲೆ ಅವರಿಗೆ ಗಂಟಲಿನ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಟೈಪ್ ಮಾಡಿದ್ದನ್ನು ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ನಾನೇ ಈ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಅದು ನಡೆಯುತ್ತಿದ್ದದ್ದು ನೆಟ್ ಮೇಲೆ. ಬರೆದ ಮಾತು ಕಂಪನಿಯ ಸರ್ವರಿಗೆ ಹೋಗಿ ದನಿಯಾಗಿ ಮರಳಬೇಕು. ಚಾಳಿನ ಅವರ ಒಳಕೋಣೆಗೆ ಸಿಗ್ನಲ್ ಎಲ್ಲಿಂದ ಬರಬೇಕು? ‘ನೀರು’ ಎಂದು ಟೈಪ್ ಮಾಡಿ, ಪರದೆಯ ಮೇಲೆ ಚಕ್ರ ತಿರುಗುವುದನ್ನು ನೋಡುತ್ತಾ ಕೂರುತ್ತಿದ್ದರು.

ಪವಾಯಿಯಲ್ಲಿದ್ದ ಆ ಕಂಪನಿಗೆ ಅಲೆದೆ. ನೆಟ್ ಬೇಡದ, ಲ್ಯಾಪ್‌ಟಾಪಿನ ಸ್ವಂತ ಡ್ರೈವಿನಿಂದಲೇ ಓಡುವ ಕಾಪಿಯೊಂದನ್ನು ಹಟ ಹಿಡಿದು ತಂದೆ. ಕೇಳಿದರೆ ಇಲ್ಲ ಅನ್ನುತ್ತಾರೆ; ಎದ್ದು ಹೋಗದೆ ಕೂತರೆ ಕೊಡುತ್ತಾರೆ, ನೆನಪಿಡಿ. ಆದರೆ ನೆಟ್‌ನಲ್ಲಿದ್ದ ಗಂಡುದನಿ ಇದರಲ್ಲಿ ಇರಲಿಲ್ಲ. ಇದ್ದದ್ದು ಒಂದೇ, ಹೆಣ್ಣಿನದು. ಅಣ್ಣನಿಗೆ ಅವಮಾನವಾದೀತೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅವರು ಟೈಪ್ ಮಾಡಿದರು.

“ಮನೆಯಲ್ಲಿ ಈಗ ಇಬ್ಬರು ಹೆಂಗಸರು ಮಾರಾಯ. ಇನ್ನು ನನ್ನ ಮಾತು ನಡಿಯುವುದುಂಟಾ?”

ಅತ್ತಿಗೆ ನಕ್ಕರು. ಆ ಮನೆಯಲ್ಲಿ ನಾನು ಕೇಳಿದ ಕೊನೆಯ ನಗು ಅದು.

ರೋಗ ಮರಳಿತು. ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ಭರವಸೆ ಕೊಡಲಾರೆವು ಎಂದರು ಡಾಕ್ಟರು. ಮಾಡಿಸೋಣ ಎಂದು ಅತ್ತಿಗೆ ಅಂದರು, ನಾನೂ ಅಂದೆ. ಅಣ್ಣನನ್ನು ಯಾರೂ ಕೇಳಿರಲಿಲ್ಲ. ವಾರ್ಡಿನಲ್ಲಿ ನನ್ನ ಫೋನಿಗೂ ನೆಟ್ ಇರಲಿಲ್ಲ. ಆದರೂ ಲ್ಯಾಪ್‌ಟಾಪ್ ಮಾತಾಡಿತು.

“ಸಾಕು. ಇನ್ನು ಕೊಯ್ಯುವುದು ಬೇಡ. ಮನೆಗೆ ಕರ್ಕೊಂಡು ಹೋಗಿ.”

ಚೌಕಾಸಿ ಮಾಡುವವರು ಎದುರಿನವರ ಮಾತನ್ನಲ್ಲ, ದನಿಯನ್ನು ಕೇಳಬೇಕು. ಎಲ್ಲೋ ಒಂದು ಕಡೆ ಅದು ಸಡಿಲಾಗುತ್ತದೆ, ಅಲ್ಲೇ ಹಿಡಿಯಬೇಕು. ನಾನೂ ಶುರು ಮಾಡಿದೆ. ಇದೊಂದು ಸಲ, ಊರಲ್ಲಿರುವ ಮಗಳ ಮದುವೆಯವರೆಗಾದರೂ... ಅಣ್ಣ ಅದೇ ಗುಂಡಿ ಮತ್ತೆ ಒತ್ತಿದರು. ಅದೇ ಹೆಣ್ಣುದನಿ, ಅದೇ ಏರಿಳಿತ, ಅದೇ ಮಾತು. ಹೆದರಿದ್ದರೋ, ನೋವಿತ್ತೋ, ಬೇಡ ಅನ್ನುತ್ತಲೇ ಒಳಗೊಳಗೆ ಬೇಕು ಅನ್ನುತ್ತಿದ್ದರೋ... ಹಿಡಿಯಲು ಏನೂ ಸಿಗಲಿಲ್ಲ.

ಮನೆಗೆ ಕರೆತಂದೆವು. ಮಳೆಗಾಲ ಮುಗಿಯುವ ಮೊದಲೇ ಹೋದರು.

ಡ್ರೈವ್ ಅಳಿಸಿಬಿಡಲೇ ಎಂದು, ಲ್ಯಾಪ್‌ಟಾಪ್ ತಂದ ದಿನವೇ ಅತ್ತಿಗೆಯನ್ನು ಕೇಳಿದೆ. ಬೇಡ, ಮಾತು ಹೋದವರು ಯಾರಾದರೂ ಬಂದರೆ ಹಾಗೆಯೇ ಕೊಡು ಎಂದರು. ಹೊರಟವರು ಮೆಟ್ಟಿಲ ಬಳಿ ನಿಂತರು.

“ಅವರ ಸ್ವಂತ ದನಿ ಎಲ್ಲಿಯಾದ್ರೂ ಉಂಟಾ ನಿನ್ನ ಹತ್ರ?”

ನೆಟ್ ನಂಬಬೇಡಿ, ಬೇಕಾದ್ದರ ಒಂದು ಕಾಪಿ ಸ್ವಂತ ಡ್ರೈವಿನಲ್ಲಿ ಇಡಿ ಎಂದು ಬಂದ ಗಿರಾಕಿಗೆಲ್ಲ ಹೇಳುವವನು ನಾನು. ಹಳೆ ಫೋನು, ಹಳೆ ಡಿಸ್ಕು ಎಲ್ಲವನ್ನೂ ಜಾಲಾಡಿದೆ. ಫೋಟೋಗಳಿವೆ. ಅಡುಗೆಮನೆಯ ಬಾಗಿಲಲ್ಲಿ ಬಾಯಿ ತೆರೆದು ಆರ್ಡರ್ ಕೂಗುತ್ತಿರುವ ಫೋಟೋವೂ ಇದೆ...

ಅತ್ತಿಗೆಗೆ ಇನ್ನೂ ಫೋನ್ ಮಾಡಿಲ್ಲ.