ನಾಲ್ಕನೇ ಮನೆ

ಚಿಕ್ಕಮಗಳೂರಿನ ನಮ್ಮ ಮನೆ ಓನರ್ ಬಂದಾಗಲೆಲ್ಲ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ತಮ್ಮ ತೋಟದ ಕಾಫಿಗೆ ಒಳ್ಳೇ ರೇಟು ಬಂದ ವರ್ಷ, ಆ ಧೈರ್ಯದಲ್ಲಿ ಬ್ಯಾಂಕಿನಿಂದ ಸಾಲ ತೆಗೆದು, ಬಾಡಿಗೆಗೆಂದೇ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಹಳೇ ಮನೆ ಕೊಂಡಿದ್ದರು.

ಅಪ್ಪ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಡಗಿ. ಸೋರುತ್ತಿದ್ದ ಮೊದಲನೇ ಮನೆಗೆ ನಾವು ಬಂದೆವು. ಭಾನುವಾರಗಳಲ್ಲಿ ಅಪ್ಪ ಹೆಂಚು ಸರಿಮಾಡಿ, ಬಾಗಿಲು ಕೂರಿಸಿ, ಸುಣ್ಣ ಬಳಿದರು. ಓನರ್ ಗೋಡೆ ತಟ್ಟಿ, “ನಿಮ್ಮ ಕೈಗುಣ ಅಂದ್ರೆ ಕೈಗುಣ, ಆಚಾರ್ರೇ!” ಎಂದರು. ಮರುತಿಂಗಳೇ, “ಪಕ್ಕದ್ದು ಖಾಲಿಯಾಗಿದೆ, ನಿಮಗೆ ಅದೇ ಅನುಕೂಲ” ಎಂದು ಅಲ್ಲಿಗೆ ದಾಟಿಸಿದರು. ನಾವು ಬಿಟ್ಟ ಮನೆಯ ಬಾಡಿಗೆ ಏರಿತು. ಹೀಗೆಯೇ ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಅದೇ ಕೈಗುಣ. ಆ ಮಾತಿಗೆ ಅಪ್ಪ ಹಿಗ್ಗಿದರೆ ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

ನಾಲ್ಕನೆಯದರ ರಿಪೇರಿಯೂ ಮುಗಿದಾಗ ಓನರ್ ಗೋಡೆ ತಟ್ಟಿ, ನಿಜವಾದ ಬೇಸರದಲ್ಲೇ ಹೇಳಿದರು: “ಎಂಥ ಮಾಡೋದು ಮಾರಾಯ್ರೆ, ನಿಮಗೆ ಕೊಡೋಕೆ ಇನ್ನು ಹಾಳು ಮನೆ ಒಂದೂ ಉಳಿದಿಲ್ಲ. ಇದಕ್ಕೆ ಜಾಸ್ತಿ ಬಾಡಿಗೆ ಕೊಡೋರು ಬಂದಿದ್ದಾರೆ.”

ಬೀಗದ ಕೈ ಒಪ್ಪಿಸುವ ಮುಂಚೆ ಅಪ್ಪ ಚಿಲಕದ ಸಡಿಲ ಸ್ಕ್ರೂ ಒಂದನ್ನು ಬಿಗಿಮಾಡಿದರು. ಓನರ್ ಚಿಲಕವನ್ನು ಎರಡು ಸಲ ಹಾಕಿ ತೆಗೆದು, “ನೋಡಿ, ಕೈಗುಣ!” ಎಂದರು.