ಬಾಗಿಲಲ್ಲಿ ಅಪ್ಪನ ಹೆಸರು

ಹೈಡೆಲ್‌ಬರ್ಗಿನ ನನ್ನ ಮನೆಗೆ ನಂಬರೇ ಇಲ್ಲ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಕಟ್ಟಡಕ್ಕೆ ನಂಬರಿದೆ, ಒಳಗಿನ ಮನೆಗಳಿಗಿಲ್ಲ. ಬೀದಿಬಾಗಿಲ ಪಕ್ಕ ಸಾಲಾಗಿ ಕರೆಗಂಟೆಗಳು, ಒಂದೊಂದರ ಎದುರೂ ಒಂದು ಹೆಸರು. ಈ ಹೆಸರುಪಟ್ಟಿಗೆ ಕ್ಲಿಂಗೆಲ್‌ಶಿಲ್ಡ್ ಎನ್ನುತ್ತಾರೆ. ಸಂಬಳ ಎಷ್ಟು, ಮದುವೆ ಆಗಿದೆಯಾ ಎಂದು ಯಾರೂ ಯಾರನ್ನೂ ಕೇಳದ ಈ ದೇಶದಲ್ಲಿ ಹೆಸರು ಮಾತ್ರ ಬೀದಿಗೇ ಕಾಣಬೇಕು! ಜನರ ಗುಟ್ಟು ಕಾಯುವ ಸಂಶೋಧನೆಗೆಂದೇ ಬಂದವಳು ನಾನು. ನನ್ನದನ್ನು ಖಾಲಿ ಬಿಡಬಹುದೇ ಎಂದು ಮನೆ ಮಾಲೀಕ ಕ್ರೇಮರ್ ಅವರನ್ನು ಕೇಳಿದೆ. "ಬಿಡಬಹುದು. ಆದರೆ ನಿಮಗೆ ಒಂದು ಪತ್ರವೂ ಬರುವುದಿಲ್ಲ," ಎಂದರು.

ಕೊನೆಗೆ ಹಾಕಿದ ಹೆಸರೂ ನನ್ನದಲ್ಲ. ನಮಗೆ ಅಡ್ಡಹೆಸರಿಲ್ಲ, ಪಾಸ್‌ಪೋರ್ಟಿನ ಆ ಜಾಗದಲ್ಲಿ ಅಪ್ಪನ ಹೆಸರಿದೆ. ಹೀಗಾಗಿ ಇಲ್ಲಿ ನಾನು ಫ್ರೌ ಸದಾಶಿವ, ಎಂದರೆ ಶ್ರೀಮತಿ ಸದಾಶಿವ. ಅಂಚೆಯವಳು ಹಾಗೆ ಕೂಗಿದಾಗ ಮೊದಮೊದಲು, ನಮ್ಮಮ್ಮ ಎಲ್ಲಿಂದ ಬಂದಳಪ್ಪಾ ಎಂದು ಹಿಂದೆ ತಿರುಗುತ್ತಿದ್ದೆ. ತೀರಿಹೋದ ಅಪ್ಪ ಉಡುಪಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದರು, ಜೀವನವಿಡೀ ಬಾಡಿಗೆ ಮನೆ ಬದಲಿಸಿದವರು. ಯಾವ ಬಾಗಿಲಲ್ಲೂ ಅವರ ಹೆಸರಿರಲಿಲ್ಲ.

ನನ್ನ ಕೆಲಸವನ್ನು ಅಕ್ಕನಿಗೆ ಹೀಗೆ ವಿವರಿಸಿದ್ದೆ: ನಡುವೆ ಯಜಮಾನನಿಲ್ಲದೆ ಸಾವಿರಾರು ಫೋನುಗಳು ಒಂದರಿಂದೊಂದು ಕಲಿಯುತ್ತವೆ. ನಮ್ಮ ಫೋಟೊ, ಮೆಸೇಜು ಯಾವುದೂ ಹೊರಗೆ ಹೋಗುವುದಿಲ್ಲ. ಕಲಿತದ್ದರ ಸಾರ ಮಾತ್ರ ಹೋಗುತ್ತದೆ. ಆ ಸಾರದಿಂದಲೇ ಒಳಗಿನ ಗುಟ್ಟನ್ನು ಊಹಿಸಲು ಸಾಧ್ಯವೇ ಎಂದು ನೋಡುವುದು ನನ್ನ ಕೆಲಸ. ಸಾಧ್ಯ. ಅದೇ ಹೆದರಿಕೆ.

ಈಗ ಇನ್ನೊಂದು ಹೆದರಿಕೆ. ಕೆಲಸದ ಕರಾರು ಬೇಸಿಗೆಗೆ ಮುಗಿಯುತ್ತದೆ; ಮುಂದುವರಿಯುತ್ತದೋ ಇಲ್ಲವೋ ಪ್ರೊಫೆಸರಿಗೇ ಗೊತ್ತಿಲ್ಲ. ವೀಸಾ ನಿಂತಿರುವುದು ಅದರ ಮೇಲೆ. ಇಮೇಲ್ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಫೋನಿಗೆ ಓಡುತ್ತೇನೆ. ಕ್ರೇಮರ್ ಬೇರೆ, ಗಂಟೆಯ ಪಕ್ಕದ ಕಾಗದದ ಚೀಟಿ ಮಾಸಿದೆ, ಹಿತ್ತಾಳೆಯಲ್ಲಿ ಕೆತ್ತಿಸೋಣ ಎನ್ನುತ್ತಾರೆ. ನಾನು ಏನೋ ಹೇಳಿ ನುಣುಚಿಕೊಳ್ಳುತ್ತೇನೆ. ಅಕ್ಕನಿಗೂ ಏನೂ ಹೇಳಿರಲಿಲ್ಲ. ಹಾಯಾಗಿದ್ದೇನೆ ಎಂಬ ಸಾರವನ್ನಷ್ಟೇ ಕಳಿಸುತ್ತಿದ್ದೆ.

ಅವಳು ಶಾಲೆಯಲ್ಲಿ ಟೀಚರ್. ಕಳೆದ ಭಾನುವಾರ ವಿಡಿಯೊ ಕಾಲ್‌ನಲ್ಲಿ ನೇರವಾಗಿ ಕೇಳಿದಳು, "ಕೆಲಸಕ್ಕೆ ಎಂತ ಆಯ್ತು ಮಾರಾಯ್ತಿ?"

"ಎಂತದೂ ಆಗ್ಲಿಲ್ಲ."

"ಸುಳ್ಳು ಹೇಳ್ಬೇಡ. ಸೋಫಾ ತಗೊಳ್ತೇನೆ ಅಂತ ಕುಣೀತಾ ಇದ್ದಿ, ಈಗ ಸುದ್ದಿಯೇ ಇಲ್ಲ. ಅಲ್ಲಿಯ ಚಳಿಗೆ ಬೈಯುವುದೂ ನಿಲ್ಸಿದ್ದಿ. ಬಿಟ್ಟು ಬರ್ಲಿಕ್ಕೆ ಆದಾಗ್ಲೇ ಅಲ್ವಾ ಊರು ಚಂದ ಕಾಣುವುದು?"

ನನಗೆ ಅಳು ಬಂತು. ಎಲ್ಲ ಹೇಳಿದೆ. ಇಷ್ಟು ಚಿಕ್ಕ ಸೋರಿಕೆಯಿಂದ ಒಳಗಿನದನ್ನೆಲ್ಲ ಹೊರತೆಗೆಯಲು ನನ್ನ ಪ್ರೋಗ್ರಾಮಿಗೆ ಇನ್ನೂ ಸಾಧ್ಯವಾಗಿಲ್ಲ.

"ಆಯ್ತು, ಅಳ್ಬೇಡ," ಎಂದಳು ಅಕ್ಕ. "ಕೆಲಸ ಮುಂದುವರಿದ್ರೆ ಇರು, ಇಲ್ಲದಿದ್ರೆ ಬಾ. ಬರುವಾಗ ಅಪ್ಪನ ಹೆಸರು ಕಿತ್ಕೊಂಡು ಬಾ. ಇಲ್ಲಿ ಅಂಟಿಸುವ."

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬೀದಿಬಾಗಿಲ ಬಳಿ ನಿಂತೆ. ಚೀಟಿ ಹರಿಯದೆ ಬಂದೀತೇ ಎಂದು ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಸಲೀಸಾಗಿ ಎದ್ದು ಬಂತು. ಭಯವಾಗಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮತ್ತೆ ಅಂಟಿಸಿದೆ.